ಉಡಿ ತುಂಬುವ ಹೊತ್ತು

ನಮ್ಮ ಹೆರಿಗೆ ವಾರ್ಡಿನ ನರ್ಸ್ ಯಮನವ್ವ ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಕೂಸುಗಳನ್ನು ಮೊದಲು ಎತ್ತಿಕೊಂಡಳೋ ಅವಳಿಗೇ ನೆನಪಿಲ್ಲ. ಬಾಣಂತಿಯನ್ನು ಮನೆಗೆ ಕರೆದೊಯ್ಯುವ ದಿನ ಮನೆಯವರು ಡಾಕ್ಟರಮ್ಮನಿಗೆ, ನರ್ಸುಗಳಾದ ನಮಗೆ, ಸೆರಗಿನಲ್ಲಿ ಖಣ, ಕಾಯಿ, ಅಕ್ಕಿ ಹಾಕಿ ಉಡಿ ತುಂಬುತ್ತಾರೆ. ವಿಧವೆಯಾದ ಯಮನವ್ವ ಆಗ ತಾನಾಗಿಯೇ ವರಾಂಡಕ್ಕೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ನರ್ಸುಗಳ ದಿನದಂದು ಗುಲಾಬಿ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಆಸ್ಪತ್ರೆಯ ಸಾಹೇಬರಿಗೆ ಆ ಬಾಗಿಲು ಕಾಣಲಿಲ್ಲ. ನಮಗೆ ಕಂಡಿತ್ತು, ಸುಮ್ಮನಿದ್ದೆವು.

ಹೋದ ಶ್ರಾವಣದಲ್ಲಿ ಮಗಳನ್ನೂ ಮೊಮ್ಮಗುವನ್ನೂ ಕರೆದೊಯ್ಯಲು ಬಂದ ಬೆಟಗೇರಿಯ ನೇಕಾರರ ಮನೆಯ ಸುಮಿತ್ರವ್ವ ನೇರ ಹೋಗಿ ಆ ಬಾಗಿಲು ತೆರೆದಳು.

“ಒಳಗ ಬರ್ರಿ. ಉಡಿ ಒಡ್ರಿ.”

“ನನಗ ತುಂಬಬಾರದ್ರಿ. ನಮ್ಮ ಯಜಮಾನ್ರು ಇಲ್ಲ.”

“ಬ್ಯಾನಿ ತಿನ್ನೂ ಮುಂದ ನನ್ನ ಮಗಳು ನಿಮ್ಮ ಕೈ ಹಿಡಕೊಂಡಿದ್ಲು. ಆ ಕೈಯಾಗ ಬಳಿ ಅದಾವೋ ಇಲ್ಲೋ ಅಂತ ನೋಡಿದ್ಲೇನು?”

ಯಮನವ್ವ ಸೆರಗು ಒಡ್ಡಿದಳು.

ಆ ಖಣ ಇನ್ನೂ ಅವಳ ಕಪಾಟಿನಲ್ಲಿ ಮಡಚಿದಂತೆಯೇ ಇದೆ. ಆಮೇಲೆ ಬಂದವರು ಯಾರೂ ಅವಳನ್ನು ಕರೆಯಲಿಲ್ಲ. ಉಡಿ ತುಂಬುವ ಹೊತ್ತಿಗೆ ಅವಳು ಈಗಲೂ ವರಾಂಡಕ್ಕೆ ಹೋಗುತ್ತಾಳೆ. ಬಾಗಿಲು ಮಾತ್ರ ಎಳೆದುಕೊಳ್ಳುವುದಿಲ್ಲ.