ಫ್ರಿಜ್ಜಿನಲ್ಲಿ ಮಲಗಿದ ಗಡ್ಡೆ

ನಿನ್ನೆ ಗಿಡ ನೆಡಲು ತರಿಸಿದ ಒಣ ಪಾಚಿಯ ಪೊಟ್ಟಣ ಬಿಚ್ಚಿ ಬೋಗುಣಿಯಲ್ಲಿ ನೆನೆಹಾಕಿದೆ. ಹಳ್ಳದ ದಂಡೆಯಂಥ ವಾಸನೆ ಅಡುಗೆಮನೆ ತುಂಬಿತು. ನೀವು ಮೂಗು ಮುಚ್ಚಿಕೊಂಡು ಓಡಿದಿರಿ, ಮಕ್ಕಳೇ. ನನಗೆ ಮಾಸ್ತರ್ ನೆನಪಾದರು...

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ಎದುರುಮನೆಯವರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಅವರ ಮಾಳಿಗೆಯ ಮೇಲೆ ಹುಳ ಹಿಡಿಯುವ ಅಮೆರಿಕದ ಹೂಜಿ ಗಿಡಗಳಿದ್ದವು. ಎಲೆಯೇ ಕೊಳವೆ, ಮೇಲೊಂದು ಮುಚ್ಚಳ. ಎತ್ತರದ ಹಳದಿ ಜಾತಿ, ನೆಲಕ್ಕೆ ಕುಳಿತಂಥ ನೇರಳೆ ಜಾತಿ, ಬಿಳಿ ತಲೆಯ ಮೇಲೆ ಕೆಂಪು ನರ ಹರಡುವ ಇನ್ನೊಂದು. ಈ ಬಿಳಿಯದನ್ನು ಬೀಜದಿಂದ ಆರು ವರ್ಷ ಸಾಕಿದ್ದರು. ಬರುವ ಬೇಸಿಗೆಗೆ ಪೂರ್ತಿ ಬಣ್ಣ ಬರುತ್ತದೆಂದು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಆ ಚಳಿಗಾಲ ಮಗಳ ಊರಿಗೆ ಹೊರಟರು. ಅವರ ಫ್ರಿಜ್ ಕೆಟ್ಟಿತ್ತು. ಆ ಗಿಡಗಳ ಮೂರು ಗಡ್ಡೆಗಳನ್ನು ಪಾಚಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ನಮ್ಮ ಮನೆಗೆ ತಂದರು.

"ತಂಗಿ, ಇವಕ್ಕ ಎರಡು ತಿಂಗಳು ಚಳಿಯಾಗ ನಿದ್ದಿ ಬೇಕು. ನಮ್ಮ ಕಲಬುರಗಿ ಚಳಿ ಸಾಲಂಗಿಲ್ಲ. ನಿಮ್ಮ ಫ್ರಿಜ್ಜಿನಾಗ ಇಡವಾ."

"ಹೂಂನ್ರಿ," ಎಂದೆ. ಹೊರಗಿನ ಗಂಡಸರೆದುರು ನನ್ನ ಮಾತು ಅಷ್ಟೇ.

ನಿಮ್ಮ ಅಜ್ಜ, "ಶುಂಠಿ ಅಂತ ಚಹಾಕ್ಕ ಜಜ್ಜಿಗಿಜ್ಜೀ ಮತ್ತ," ಎಂದು ನಕ್ಕರು.

ತಿಂಗಳಾದ ಮೇಲೆ ಡಬ್ಬಿ ತೆರೆದು ನೋಡಿದರೆ ಬಿಳಿಯದರ ಗಡ್ಡೆಗೆ ಸಣ್ಣ ಮೊಳಕೆ. ನಾನು ಕಮಲಾಪುರದ ಕೆಂಪು ಬಾಳೆ ತೋಟದಲ್ಲಿ ಬೆಳೆದವಳು. ಮೊಳೆತ ಗಡ್ಡೆ ಗೊಬ್ಬರದ ಮಣ್ಣು ಬೇಡುತ್ತದೆ ಎಂದಷ್ಟೇ ಗೊತ್ತು. ಕತ್ತಲಲ್ಲಿ ಸಾಯುತ್ತದಲ್ಲ ಎಂದು ಕನಿಕರಪಟ್ಟು, ಅದೊಂದನ್ನು ಕುಂಡದಲ್ಲಿ ನೆಟ್ಟು ಬೋರಿನ ನೀರು ಹಾಕಿದೆ.

ಮಾಸ್ತರ್ ಬರುವಷ್ಟರಲ್ಲಿ ಅದು ಕೊಳೆತುಹೋಗಿತ್ತು. ಫ್ರಿಜ್ಜಿನಲ್ಲೇ ಕೆಟ್ಟಿತು ಎನ್ನಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಕುಂಡವನ್ನೇ ಒಯ್ದು ಅವರ ಮುಂದಿಟ್ಟೆ. ಅವರು ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಗೊಬ್ಬರ ಹಾಕೀಯೇನವಾ?"

"ಹೂಂನ್ರಿ... ಮೂರು ಮುಟಗಿ."

"ಇದು ಬಡ ನೆಲದ ಗಿಡ, ತಂಗಿ. ಮಣ್ಣಾಗ ಏನೂ ಸಿಗಲ್ಲಂತನ ಹುಳ ಹಿಡಿತದ. ನೀ ಅದಕ್ಕ ಮದವಿ ಊಟ ಹಾಕಿಬಿಟ್ಟಿ."

ನಗಲು ನೋಡಿದರು, ಆಗಲಿಲ್ಲ.

ಮರುದಿನ ಅದೇ ಬಿಳಿ ಜಾತಿಯ ಒಂದು ಚಿಟಿಕೆ ಬೀಜ ತಂದುಕೊಟ್ಟರು. "ಮಳಿ ನೀರು ಬಿಟ್ಟು ಬ್ಯಾರೆ ಕುಡಿಸಬ್ಯಾಡ. ಬಣ್ಣ ಬಂದ ದಿನ ನನಗೊಂದು ಕೂಗು ಹಾಕು." ಅವರಿಗೆ ಆಗಲೇ ಎಪ್ಪತ್ತೆಂಟು.

ಮಾಳಿಗೆಯ ಮಳೆನೀರು ಹಿಡಿದಿಟ್ಟು ಸಾಕಿದೆ. ವಾರಕ್ಕೊಮ್ಮೆ ಅವರು ಬಂದು ಬಗ್ಗಿ ನೋಡುತ್ತಿದ್ದರು. ಮೊದಲು ಅವರನ್ನು ಕೇಳುವಷ್ಟು, ಆಮೇಲೆ ಅವರು ಮರೆತದ್ದನ್ನು ನೆನಪಿಸುವಷ್ಟು ಮಾತು ನನಗೆ ಬಂತು. ಈಗ ಇಂಥ ಗಿಡ ಸಂಗ್ರಹಿಸುವವರು ಬೇರೆ ಊರುಗಳಿಂದ ನನಗೆ ಫೋನ್ ಮಾಡುತ್ತಾರೆ. ಅಳುಕದೆ ಹೇಳುತ್ತೇನೆ, ಯಾವ ಜಾತಿಗೆ ಎಷ್ಟು ಬಿಸಿಲು, ಎಷ್ಟು ನಿದ್ದೆ ಎಂಬುದು ನನಗೆ ಗೊತ್ತು.

ಬೀಜ ಹಾಕಿದ ನಾಲ್ಕನೆಯ ವರ್ಷ ಮಾಸ್ತರ್ ತೀರಿಹೋದರು...

ಈ ಬೇಸಿಗೆ ಬಿಳಿ ತಲೆ ಎದ್ದಿತು, ಕೆಂಪು ನರ ಒಂದೊಂದೂ ಎಣಿಸುವ ಹಾಗೆ. ಮಾಸ್ತರರಿಗೆ ಕೂಗು ಹಾಕಬೇಕಿತ್ತಲ್ಲ, ಕುಂಡ ಎತ್ತಿಕೊಂಡು ರಸ್ತೆ ದಾಟಿದೆ. ಆ ಮನೆಯಲ್ಲೀಗ ಬೇರೆಯವರಿದ್ದಾರೆ. ಬಾಗಿಲಿಗೆ ಬಂದ ಹೆಣ್ಣುಮಗಳು, "ಯಾರ್ ಬೇಕಾಗಿತ್ರಿ?" ಎಂದಳು.

ಕುಂಡವನ್ನು ಅವಳತ್ತ ತಿರುಗಿಸಿ ಹಿಡಿದೆ.