ಕಾದ ಗಾಜಿಗೆ ತಣ್ಣೀರು

ಮೊನ್ನೆ ನರೇಗಲ್ಲಿನ ಒಂದು ಗ್ಯಾರೇಜಿನಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಅಷ್ಟು ನಿಜವಲ್ಲ. ಸ್ಟೂಲಿನಿಂದ ಏಳುವುದು, ಬಾಗಿಲ ತನಕ ಹೋಗುವುದು, ಮತ್ತೆ ಬಂದು ಕೂಡುವುದು. ನನ್ನ ಕಾರಿನ ಮುಂದಿನ ಗಾಜಿನಲ್ಲಿ ಕೂದಲೆಳೆಯಂಥ ಬಿರುಕು ಮೂಡಿತ್ತು. ಏನು ಬಡಿಯಿತೆಂದು ನನಗೂ ಗೊತ್ತಿರಲಿಲ್ಲ.

ಗಾಜು ಹಾಕುವ ಮೌಲಾಸಾಬ್ ಅದರ ಮೇಲೆ ಬೆರಳಾಡಿಸಿದ. "ರಸ್ತಾದ ಕಲ್ಲ ಸಿಡೀಬೇಕಂತೇನಿಲ್ರಿ ಟೀಚರ್. ಲಕ್ಕಲಕಟ್ಟಿ ಕಡೆ ಜ್ವಾಳದ ಹೊಲದಾಗ ಹಕ್ಕಿ ಹೊಡ್ಯಾಕ ಬೀಸಿದ ಕವಣಿ ಕಲ್ಲ ಬಂದ ಒಬ್ಬರ ಗ್ಲಾಸ ಒಡದಿತ್ತು. ಗಜೇಂದ್ರಗಡದಾಗ ಮಂಗ್ಯಾ ಜಿಗದ ಒಡದಾವ. ಒಂದ ನವಿಲಂತೂ ಗ್ಲಾಸಿನಾಗ ತನ್ನ ಮಾರಿ ನೋಡಿ, ಬ್ಯಾರೆ ನವಿಲ ಬಂದೈತಂತ ತಿಳದ ಕುಕ್ಕಿ ಕುಕ್ಕಿ ಇಟ್ಟಿತ್ತು. ನೀವೇನರ ಬಿಸಲಾಗ ನಿಂದ್ರಿಸಿ ತಣ್ಣೀರ ಹೊಡದ್ರೇನ್ರಿ?"

ಇಲ್ಲ ಎಂದೆ. ಆದರೆ ತಣ್ಣೀರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಅಲ್ಲಿ ಕೂಡಲಾಗಲಿಲ್ಲ.

ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ಗಜೇಂದ್ರಗಡದ ನಮ್ಮ ಮನೆಯಲ್ಲಿ ಅಕ್ಕ ಗಂಗಾಳ ಮದುವೆ. ವರ ನರಗುಂದದವನು, ಹೆಸರು ಬಸವರಾಜ. ನಮ್ಮ ಮನೆಯವರಿಗೆ ಅವನ ಬಗ್ಗೆ ತಿಳಿದಿದ್ದದ್ದು ಇಷ್ಟೇ: ಹುಡುಗ ಸಂಭಾವಿತ, ಮಾತು ಕಡಿಮೆ. ಎಷ್ಟು ಕಡಿಮೆಯೆಂದರೆ, ಆ ದಿನದ ತನಕ ಅವನ ದನಿಯನ್ನೇ ನಾನು ಕೇಳಿರಲಿಲ್ಲ. ಮದುವೆ ಮನೆಯಲ್ಲಿ ನನ್ನ ಕೆಲಸವೆಂದರೆ ಒಳಗೆ ಹೊರಗೆ ಓಡಾಡುವುದು. ಯಾರೂ ಹೇಳಿದ ಕೆಲಸವಲ್ಲ. ಅಕ್ಕ ಹೊರಡುತ್ತಾಳೆಂಬ ಸಂಕಟಕ್ಕೆ ಕಾಲು ನಿಲ್ಲುತ್ತಿರಲಿಲ್ಲ.

ಇಲ್ಲಿ ನಿಮಗೆ ನೀಲವ್ವ ಚಿಗವ್ವನ ವಿಷಯ ಹೇಳಬೇಕು. ಅವ್ವನ ತಂಗಿ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು ನಮ್ಮ ಮನೆಗೆ ಬಂದವಳು. ಅವ್ವ ಹಾಸಿಗೆ ಹಿಡಿದಾಗ ನಮ್ಮಿಬ್ಬರಿಗೆ ಎಣ್ಣೆ ಹಚ್ಚಿ ಎರೆದು, ಜಡೆ ಹೆಣೆದು, ಸಾಲಿಗೆ ಕಳಿಸಿದವಳು ಅವಳೇ. ಆದರೆ ಮದುವೆಯ ದಿನ ಬೀಗರು ಹೊರಡುವ ತನಕ ಅವಳು ಅಡುಗೆಮನೆಯಿಂದ ಈಚೆ ಬರಲಿಲ್ಲ. ಯಾರೂ ಬರಬೇಡ ಎನ್ನಲಿಲ್ಲ; ಯಾರೂ ಬಾ ಎಂದೂ ಅನ್ನಲಿಲ್ಲ. ಅಷ್ಟು ವರ್ಷಗಳಲ್ಲಿ ಅದು ಅವಳಿಗೂ ನಮಗೂ ರೂಢಿಯಾಗಿಬಿಟ್ಟಿತ್ತು.

ಮಧ್ಯಾಹ್ನ ಬೀಗರು ಹೊರಟರು. ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದ ಹಳೆಯ ಬಿಳಿ ಕಾರು ಹೆಂಚಿನಂತೆ ಕಾದಿತ್ತು. ಅಕ್ಕ ಮತ್ತು ಭಾವ ಹಿಂದಿನ ಸೀಟಿನಲ್ಲಿ ಕೂತರು. ಮುತ್ತೈದೆಯರ ಆರತಿ ಮುಗಿಯಿತು. ಅಷ್ಟರಲ್ಲಿ ಚಿಗವ್ವ ಹಿತ್ತಲ ಸಂದಿಯಿಂದ ತಂಬಿಗೆ ಹಿಡಿದು ಬಂದಳು. ಮಣ್ಣಿನ ಹರವಿಯ ತಣ್ಣೀರು. ಸಾಕಿದ ಮಗಳಿಗೆ ಕಣ್ಣು ತಾಗದಿರಲೆಂದು ನಿವಾಳಿಸಿ ಗಾಲಿಯ ಮುಂದೆ ಸುರಿಯುವುದು ಅವಳ ಮನಸ್ಸಿನಲ್ಲಿತ್ತು. ಯಾರಾದರೂ ತಡೆದಾರೆಂಬ ಅವಸರಕ್ಕೆ ದೂರದಿಂದಲೇ ಎರಚಿದಳು. ನೀರು ಹೋಗಿ ಗಾಜಿಗೆ ಬಿತ್ತು.

ಚಟ್ ಎಂದಿತು. ಇಡೀ ಗಾಜು ಬೆಳ್ಳಗೆ ಬಲೆಯಂತಾಗಿ, ನಾವು ನೋಡನೋಡುತ್ತಿದ್ದಂತೆ ಕಲ್ಲುಸಕ್ಕರೆಯ ಹರಳಿನಂತೆ ಖಾಲಿಯಿದ್ದ ಡ್ರೈವರನ ಸೀಟಿನ ಮೇಲೆ ಉದುರಿತು.

ಮೊದಲು ಮಾತಾಡಿದವಳು ವರನ ಸೋದರತ್ತೆ. "ಗಂಡನ್ನ ಕಳಕೊಂಡಾಕಿ ಕೈಲೆ ನೀರ ಹಾಕಿಸಿದ್ರ ಇನ್ನೇನ ಆಕ್ಕೈತಿ."

ವರನ ದೊಡ್ಡಪ್ಪ ನಮ್ಮ ಅಪ್ಪನನ್ನು ಬದಿಗೆ ಕರೆದರು. "ಈ ಹೊತ್ತು ಚಲೋ ಕಾಣವಲ್ದ್ರಿ ಬೀಗರ. ಹುಡುಗಿ ಸದ್ಯಕ್ಕ ಇಲ್ಲೇ ಇರ್ಲಿ. ಹಿರ್ಯಾರನ್ನ ಕೇಳಿ ಮುಂದಿಂದು ನೋಡೂಣು."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ಚಿಗವ್ವ ಖಾಲಿ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿದ್ದಳು. ನಾನು ಅವಳ ಹತ್ತಿರ ಹೋಗಲೋ, ಅಕ್ಕನ ಹತ್ತಿರ ಹೋಗಲೋ ತಿಳಿಯದೆ ನಡುವೆ ಸುಳಿದಾಡಿದೆ.

ಕಾರಿನ ಬಾಗಿಲು ತೆರೆದು ಅಕ್ಕ ಕೆಳಗಿಳಿದಳು. "ಚಿಗವ್ವನ್ನ ಕರೀರಿ," ಎಂದಳು. "ಅಕಿ ನನ್ನ ಕೂಡ ಗಾಡ್ಯಾಗ ಕೂತ್ರ ನಾ ಹೊಕ್ಕೀನಿ. ಇಲ್ಲಂದ್ರ ಇಲ್ಲೇ ನಿಂದರ್ತೀನಿ."

"ಹೊಸ ಮದಲಗಿತ್ತಿ ಹಿಂಗ ಮಾತಾಡೂದೇನವಾ?" ಎಂದಳು ಸೋದರತ್ತೆ.

ಆಗ ಭಾವನೂ ಇಳಿದ. ನೆಲ ನೋಡುತ್ತಲೇ ಹೇಳಿದ: "ಗ್ಲಾಸ ಕಾದಿತ್ತು ದೊಡ್ಡಪ್ಪ. ತಣ್ಣೀರ ಬಿತ್ತು. ಉರಿಯೂ ಕಂದೀಲದ ಗಾಜಿನ ಬುರುಡಿಮ್ಯಾಲೆ ಹನಿ ಬಿದ್ರ ಸೀಳಂಗಿಲ್ಲೇನು? ಅದಕ್ಕ ಅವ್ರೇನ ಮಾಡ್ತಾರ." ಆಮೇಲೆ ಚಿಗವ್ವನ ಕಡೆ ತಿರುಗಿ, "ಬರ್ರಿ ಅತ್ತಿ, ಹೊತ್ತಾತು," ಎಂದ.

ಚಿಗವ್ವ ಅಲುಗಲಿಲ್ಲ. ಅಕ್ಕನೂ ಅಲುಗಲಿಲ್ಲ. ಆಚೆ ಈಚೆ ನೋಡಿ, ತಲೆತುಂಬ ಸೆರಗು ಹೊದ್ದು, ಕಡೆಗೆ ಚಿಗವ್ವನೇ ನಡೆದು ಬಂದು ಕಾರು ಹತ್ತಿದಳು. ದೊಡ್ಡಪ್ಪ ಗೊಣಗುತ್ತ ಹಿಂದಿನ ಟೆಂಪೋ ಹತ್ತಿದರು.

ಡ್ರೈವರ ಸೀಟಿನ ಹರಳುಗಳನ್ನು ಗುಡಿಸಿ ಹಾಕಿದ. ಗಾಜಿಲ್ಲದ ಕಾರಿನಲ್ಲಿ ರೋಣ ದಾಟಿ ನರಗುಂದಕ್ಕೆ ಹೋದ ಪ್ರಯಾಣವನ್ನು ಏನೆಂದು ಹೇಳಲಿ. ಅಕ್ಕನ ಜೊತೆಗೆಂದು ಹೊರಟ ನಾನು ಮುಂದಿನ ಸೀಟಿನಲ್ಲಿದ್ದೆ. ಎರೆಹೊಲದ ಕರಿ ಧೂಳು, ಬಿಸಿಗಾಳಿ, ಬಾಯಿಗೆ ಬಡಿಯುವ ಹುಳ. ಅಕ್ಕನ ಮುಡಿಯ ದಂಡೆಯ ಹೂವು ಹಾರಿಹೋಗಿ ಬರೀ ದಾರ ಉಳಿಯಿತು. ಚಿಗವ್ವ ತನ್ನ ಸೆರಗನ್ನು ಅಕ್ಕನ ಮುಖಕ್ಕೂ, ಆಮೇಲೆ ಸಂಕೋಚಪಡುತ್ತಲೇ ಅಳಿಯನ ಮುಖಕ್ಕೂ ಅಡ್ಡ ಹಿಡಿದಳು. ನರಗುಂದದ ಹೊಸ್ತಿಲಲ್ಲಿ ಅಕ್ಕನ ಅತ್ತೆ ನಮ್ಮ ಕರೀ ಮುಖಗಳನ್ನು ನೋಡಿ, "ಇದರಾಗ ನಮ್ಮ ಸೊಸಿ ಯಾರವಾ?" ಎಂದು ನಕ್ಕುಬಿಟ್ಟಳು. ನಡೆದದ್ದನ್ನು ಕೇಳಿದ ಮೇಲೂ ಚಿಗವ್ವನ ಕೈಗೆ ಮೊದಲು ನೀರು ಕೊಟ್ಟಳು. ನಾಲ್ಕು ದಿನಕ್ಕೆಂದು ಹೋದ ಚಿಗವ್ವ ಮುಂದೆ ಅಕ್ಕನ ಬಾಣಂತನಗಳನ್ನು ಮಾಡಿ, ಅಲ್ಲಿಯೇ ಉಳಿದಳು.

ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಯಾವಾಗಲೂ ಅಕ್ಕನ ಧೈರ್ಯದ ಕಥೆಯಾಗಿ. ಅಷ್ಟು ಜನರ ಕಣ್ಣೆದುರು ನಡೆದು ಹೋಗಿ ಕಾರು ಹತ್ತಿದವಳ ಬಗ್ಗೆ ನಾನು ಯೋಚಿಸಿರಲೇ ಇಲ್ಲ. ಗ್ಯಾರೇಜಿನ ಹೊರಗೆ ನಿಂತು ನರಗುಂದಕ್ಕೆ ಫೋನ್ ಹಚ್ಚಿದೆ.

"ಚಿಗವ್ವ, ಅವತ್ತ ಅಷ್ಟ ಮಂದಿ ಮುಂದ ಗಾಡಿ ಹತ್ತಾಕ ನಿನಗ ಅಂಜಿಕಿ ಆಗ್ಲಿಲ್ಲ?"



"ಆಗಿತ್ತವಾ, ಭಾಳ ಆಗಿತ್ತು," ಎಂದಳು. "ಆದ್ರ ಗಂಗಾ ಚಪ್ಲಿ ಇಲ್ಲದ ಇಳದಿದ್ಲು. ಅಂಥಾ ಬಿಸಲಾಗ ಅಕಿ ಕಾಲ ಸುಡತಿದ್ವು."