ಓನರಮ್ಮನ ಫೋನಿನ ಬೀಗ

ಓನರಮ್ಮನ ಕೊರಳಲ್ಲಿ ಎರಡು ದಾರಗಳಿದ್ದವು. ಒಂದರಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಇನ್ನೊಂದರಲ್ಲಿ, ಕರಡಿಗೆಗೆ ತಾಗದಂತೆ ಪಕ್ಕಕ್ಕೆ ಸರಿಸಿಕೊಂಡ ಒಂದು ಪುಟ್ಟ ಹಿತ್ತಾಳೆ ಕೀ. ಅದು ಪೆಟ್ಟಿಗೆಯದಲ್ಲ, ಬೀರುವಿನದೂ ಅಲ್ಲ, ಟೆಲಿಫೋನಿನದು. ನಡುಮನೆಯ ಗೂಡಿನಲ್ಲಿದ್ದ ಕಪ್ಪು ಫೋನಿನ ಡಯಲಿಗೆ ಬೀಗವೊಂದು ಸದಾ ಜೋತುಬಿದ್ದಿರುತ್ತಿತ್ತು. ಬಂದ ಫೋನನ್ನು ಎತ್ತಬಹುದಿತ್ತು. ಇಲ್ಲಿಂದ ಮಾಡಬೇಕೆಂದರೆ ಅವರೇ ಬಂದು, ಕೊರಳಿನ ದಾರ ತೆಗೆಯದೆ, ಗೂಡಿನ ಮುಂದೆ ಬಗ್ಗಿ ಬೀಗ ತೆರೆಯಬೇಕಿತ್ತು. ದೂರದಿಂದ ನೋಡಿದವರಿಗೆ ಫೋನಿಗೆ ನಮಸ್ಕಾರ ಮಾಡುತ್ತಿದ್ದಾರೆ ಅನ್ನಿಸಬೇಕು. ಅವರು ತಲೆ ಬಗ್ಗಿಸುತ್ತಿದ್ದುದು ಅದೊಂದಕ್ಕೇ.

ಅವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಹೋದವರನ್ನು ಹೊಗಳಬೇಕೆಂಬ ರೂಢಿಗಾಗಿ ಇದನ್ನು ತಿದ್ದಿ ಬರೆದರೆ ಮೊದಲು ಮುಖ ಸಿಂಡರಿಸುವವರು ಅವರೇ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನವರಿಗೆ ಅಂಬ್ಲಿಗೊಳ ಜಲಾಶಯದ ನಾಲೆಗಳ ಕೆಲಸಕ್ಕೆ ವರ್ಗವಾಗಿ ನಾವು ಮಂಗಳೂರಿನಿಂದ ಶಿಕಾರಿಪುರಕ್ಕೆ ಬಂದೆವು. ಊರಂಚಿನಲ್ಲಿ ಒಂದು ದೊಡ್ಡ ಮನೆ, ಅದಕ್ಕೆ ಅಂಟಿಕೊಂಡಂತೆ ಬಾಡಿಗೆಯ ಭಾಗ. ದೊಡ್ಡ ಮನೆಯಲ್ಲಿ ಓನರಮ್ಮ, ಅವರ ಮಗ, ಸೊಸೆ. ಯಜಮಾನರು ಅಕ್ಕಿ ವ್ಯಾಪಾರ ಮಾಡಿ ಗಿರಣಿ ಹಾಕಿ ತೀರಿಕೊಂಡಿದ್ದರು. ಗಿರಣಿಯನ್ನು ಮಗ ನೋಡಿಕೊಳ್ಳುತ್ತಿದ್ದ, ಮಗನನ್ನು ಓನರಮ್ಮ ನೋಡಿಕೊಳ್ಳುತ್ತಿದ್ದರು. ಮನೆ ಕೇಳಲು ಹೋದ ದಿನ ಅವರು ನಮ್ಮನ್ನು ಕೂರಿ ಎನ್ನಲಿಲ್ಲ.

"ಘಟ್ಟದ ಕೆಳಗಿನೋರು. ಮೀನು ತಿಂತೀರಿ."

ಅದು ಪ್ರಶ್ನೆಯಾಗಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ನನಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ತಿನ್ನುತ್ತೇವೆ, ಈ ಮನೆಯಲ್ಲಿ ಮಾಡುವುದಿಲ್ಲ ಎಂದೆ. ಅವರು ನನ್ನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದರು. "ವಾಸ್ನೆ ಬಂದ ದಿನ ಸಾಮಾನು ಬೀದ್ಯಾಗೆ" ಎಂದು ಹೇಳಿ, ಮನೆಯ ಕೀಯನ್ನು ಸೊಸೆಯ ಕೈಯಿಂದ ಕೊಡಿಸಿದರು.

ನನಗೆ ಬೇಕಾಗಿದ್ದುದು ಮನೆಗಿಂತ ಆ ಫೋನು. ನನ್ನ ತಂಗಿ ನರ್ಸಿಂಗ್ ಓದಿ, ಮಂಗಳೂರಿನ ಒಬ್ಬ ಏಜೆಂಟನ ಮೂಲಕ ಆಗಷ್ಟೇ ಗಲ್ಫಿಗೆ ಹೋಗಿದ್ದಳು. ಅವಳಿದ್ದ ಹಾಸ್ಟೆಲಿಗೆ ಹೊರಗಿನವರು ಫೋನ್ ಮಾಡುವಂತಿಲ್ಲ ಎಂದು ಬರೆದಿದ್ದಳು. ತಿಂಗಳಿಗೊಮ್ಮೆ ಶುಕ್ರವಾರ ಮಧ್ಯಾಹ್ನ ಅವಳೇ ಮಾಡಬೇಕು, ಇಲ್ಲಿ ಯಾರದಾದರೂ ಮನೆಯಲ್ಲಿ ನಾನು ಎತ್ತಬೇಕು. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನವನನ್ನು ಕೇಳಿದರೆ, ಬರುವ ಫೋನಿಗೆಲ್ಲ ಲೈನ್ ಬಿಟ್ಟುಕೊಂಡು ಕೂತರೆ ನನ್ನ ವ್ಯಾಪಾರ ಏನಾಗಬೇಕ್ರೀ ಎಂದ. ಹೊಸ ಊರಿನಲ್ಲಿ ಹೊಸಬರಿಗೆ ಫೋನಿನ ನಂಬರು ಕೊಡುವುದೆಂದರೆ ಮನೆಯ ಒಳಕೋಣೆಗೆ ಬಿಟ್ಟುಕೊಂಡಂತೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಓನರಮ್ಮ ಕೊಟ್ಟರು, ಷರತ್ತು ಹಾಕಿ. ಫೋನು ಮೊದಲು ಎತ್ತುವವರು ಅವರು. ನಾನು ಗೂಡಿನ ಪಕ್ಕ, ನಡುಮನೆಯ ಬಾಗಿಲ ಬಳಿ ಕೆಳಗೆ ಕೂರಬೇಕು. ಕನ್ನಡದಲ್ಲಿ ಮಾತಾಡಬೇಕು, ಅವರಿಗೆ ಕೇಳುವಂತೆ. "ಕದ್ದು ಆಡೋ ಮಾತು ನನ್ನ ಮನ್ಯಾಗೆ ಬ್ಯಾಡ" ಎಂದರು. ನಮಗೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಬೇರೆ: ಇನ್ನೊಬ್ಬರ ಫೋನಿನ ಮಾತು ಕಿವಿಗೆ ಬಿದ್ದರೆ ಎದ್ದು ಆಚೆ ಹೋಗಬೇಕು. ಓನರಮ್ಮ ಎದ್ದು ಹತ್ತಿರ ಬರುತ್ತಿದ್ದರು.

ರಿಸೀವರ್ ಕೊಡುವ ಮೊದಲು ಅವರೂ ಎರಡು ಮಾತಾಡದೆ ಬಿಡುತ್ತಿರಲಿಲ್ಲ. ಯಾರ ಫೋನು ಬರಲಿ, ಗಿರಣಿಯವರದಾಗಲಿ, ಬ್ಯಾಂಕಿನ ಮ್ಯಾನೇಜರದಾಗಲಿ, ಅವರ ಮೊದಲ ಮಾತು, "ಊಟ ಆತಾ? ಏನು ಉಂಡ್ರಿ?" ಅದು ಆ ಸೀಮೆಯ ಮರ್ಯಾದೆ. ನಮ್ಮಲ್ಲಿ ಊಟ ಆಯಿತೇ ಎಂಬಲ್ಲಿಗೆ ನಿಲ್ಲುತ್ತದೆ. ಏನು ತಿಂದಿರಿ ಎಂದು ಕೇಳುವುದು ಹೊಟ್ಟೆಯನ್ನು ಮುಟ್ಟಿ ನೋಡಿದಷ್ಟು ಒರಟು. ಗಲ್ಫಿನಿಂದ ತಂಗಿ ಮೊದಲ ಸಲ ಮಾಡಿದಾಗಲೂ ಅದನ್ನೇ ಕೇಳಿದರು. ಅವಳು ಖುಷಿಯಲ್ಲಿ "ಮೀನುಸಾರು, ಅನ್ನ" ಎಂದಿರಬೇಕು. ಓನರಮ್ಮ ರಿಸೀವರನ್ನು ಎರಡೇ ಬೆರಳಲ್ಲಿ ಹಿಡಿದು ನನ್ನತ್ತ ಚಾಚಿದರು. ನಾನು ಹೋದಮೇಲೆ ಸೊಸೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದುದು ಕಿಟಕಿಯಿಂದ ಕಂಡಿತು.

ಮುಂದಿನ ಸಲ ತಂಗಿ ಮೀನಿನ ಹೆಸರೆತ್ತಲಿಲ್ಲ. ಅದರ ಮುಂದಿನ ಸಲ ಬರೇ "ಆಯ್ತು" ಎಂದಳಂತೆ. ಆಮೇಲೂ ಅಷ್ಟೇ. ಕೊನೆಗೂ ಹುಡುಗಿಗೆ ಯಾರ ಹತ್ತಿರ ಏನು ಹೇಳಬೇಕೆಂಬುದು ತಿಳಿಯಿತಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಒಂದು ಶುಕ್ರವಾರ ತಂಗಿ ಮಾತಿನ ನಡುವೆ ಇದ್ದಕ್ಕಿದ್ದಂತೆ ನಮ್ಮ ಮನೆಮಾತಿಗೆ, ಕೊಂಕಣಿಗೆ, ಹೊರಳಿದಳು. "ಅಕ್ಕಾ, ಒಂದು ವಿಷಯ ಹೇಳಬೇಕು" ಎಂದಳು. ನಾನೂ ಕೊಂಕಣಿಯಲ್ಲೇ ಏನು ಎಂದೆ. ಅಷ್ಟರಲ್ಲಿ ಒಂದು ಕೈ ನನ್ನ ಭುಜದ ಮೇಲಿಂದ ಬಂದು ಫೋನಿನ ಗುಂಡಿ ಒತ್ತಿತು. ಲೈನ್ ಸತ್ತಿತು.

"ಮೊದ್ಲೇ ಹೇಳಿದ್ದೆ" ಎಂದರು ಓನರಮ್ಮ.

ಮತ್ತೆ ಫೋನು ಬರಬಹುದೆಂದು ನಾನು ಸಂಜೆಯವರೆಗೂ ಆ ಬಾಗಿಲಲ್ಲಿ ಕೂತೆ. ಬರಲಿಲ್ಲ. ಅವರು ನನ್ನನ್ನು ದಾಟಿಕೊಂಡು ಓಡಾಡಿದರು, ಸೊಸೆಯ ಕೈಲಿ ನೆಲದ ಕಸ ಹೊಡೆಸಿದರು, ನಾನು ಕೂತ ಜಾಗ ಬಿಟ್ಟು.

ಆ ರಾತ್ರಿಯೇ ನಮ್ಮದೇ ಫೋನಿಗೆ ಅರ್ಜಿ ಹಾಕೋಣ ಎಂದು ನನ್ನವರಿಗೆ ಹೇಳಿದೆ. ಸರ್ಕಾರಿ ಕೆಲಸದ ಕಾರಣ ಹೇಳಿದ್ದರಿಂದ ಬೇಗ ಮಂಜೂರಾಯಿತು. ಲೈನ್‌ಮನ್ ತಂತಿಯ ಸುರುಳಿ ಹೆಗಲಿಗೇರಿಸಿಕೊಂಡು ಬಂದಾಗ ನಾನು ಚಹಾಕ್ಕಿಟ್ಟೆ. ಹತ್ತಿರದ ಕಂಬ ದೊಡ್ಡ ಮನೆಯ ಹಿತ್ತಲಿನಾಚೆ ಇತ್ತು. ತಂತಿ ಹಿತ್ತಲಿನ ಮೇಲಿಂದ ನಮ್ಮ ಗೋಡೆಗೆ ಬರಬೇಕು. ಅವನು ಹಿತ್ತಲಿಗೆ ಹೋದವನು ಚಹಾ ಆರುವ ಮೊದಲೇ ವಾಪಸು ಬಂದ. ಸುರುಳಿ ಬಿಚ್ಚಿರಲೇ ಇಲ್ಲ.

"ಅಲ್ಲಿ ಯಜಮಾನ್ರ ಗದ್ದುಗೆ ಐತ್ರೀ ಅಮ್ಮಾ. ಅದರ ಮ್ಯಾಲೆ ತಂತಿ ಎಳೆಯಾಕೆ ಆಗಲ್ಲ."

ಹಿತ್ತಲಿನಲ್ಲಿ ಸುಣ್ಣ ಬಳಿದ ಕಲ್ಲಿನ ಕಟ್ಟೆಯೊಂದಿತ್ತು. ದಿನಾ ಬೆಳಿಗ್ಗೆ ಓನರಮ್ಮ ಅದಕ್ಕೆ ವಿಭೂತಿ, ಹೂವು ಇಡುತ್ತಿದ್ದರು. ಗಂಡನನ್ನು ಮಣ್ಣು ಮಾಡಿದ ಜಾಗ ಅದು. ಸುತ್ತಿ ಬಳಸಿ ತರಲು ಇನ್ನೊಂದು ಕಂಬ ಬೇಕು, ಕಂಬ ಸದ್ಯಕ್ಕಿಲ್ಲ ಎಂದ ಲೈನ್‌ಮನ್. ನಾನೇ ಹೋಗಿ ಕೇಳಿದೆ. ತಂತಿ ಅಷ್ಟು ಎತ್ತರದಲ್ಲಿ ಹೋಗುತ್ತದೆ, ಮುಟ್ಟುವುದಿಲ್ಲ, ದಯವಿಟ್ಟು ಎಂದೆ. ಅವರು ಕಳೆ ಕೀಳುತ್ತಿದ್ದರು. "ಅವರ ತಲಿ ಮ್ಯಾಲೆ ನಿಮ್ಮ ಮೀನಿನ ಮಾತು ಹಾಯ್ಬೇಕಾ?" ಎಂದರು, ತಿರುಗದೆ.

ಅದರ ಮುಂದಿನ ತಿಂಗಳು ತಂಗಿಯ ಫೋನು ಬರಲಿಲ್ಲ. ಪತ್ರವೂ ಇಲ್ಲ. ಬೂತಿಗೆ ಹೋಗಿ ಮಂಗಳೂರಿನ ಏಜೆಂಟನಿಗೆ ಫೋನ್ ಮಾಡಿದೆ, ತೊಂದರೆ ಕೊಡುತ್ತಿದ್ದೇನೆ ಕ್ಷಮಿಸಿ ಎಂದು ಶುರುಮಾಡಿ. ಬಹಳ ನಯವಾಗಿ, ವಿಚಾರಿಸೋಣ ಮೇಡಂ ಎಂದ. ಮತ್ತೆ ಮಾಡಿದಾಗಲೂ ಅಷ್ಟೇ ನಯ. ರಿಸೀವರ್ ಇಟ್ಟು ಹೊರಬಂದರೆ, ನಾನು ಏನು ಕೇಳಿದೆ, ಅವನು ಏನು ಹೇಳಿದ ಎಂಬುದೇ ನೆನಪಿಗೆ ಬರುತ್ತಿರಲಿಲ್ಲ.

ಮತ್ತೊಂದು ತಿಂಗಳು. ಮನೆಯಲ್ಲಿ ಕೂತು ಕೂತು ಸೊರಗಿದ ನನ್ನ ಮುಖ ನೋಡಲಾಗದೆ ನನ್ನವರು ಒಂದು ಶುಕ್ರವಾರ ಆಫೀಸಿನ ಜೀಪಿನಲ್ಲಿ ಸೊರಬದ ಕಡೆ ಕೆಲಸವಿದೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ಹಾಗೇ ಗುಡವಿಯ ಹಕ್ಕಿಗಳನ್ನು ತೋರಿಸಿದರು. ಕೆರೆಯ ಮರಗಳ ತುಂಬ ಬಿಳಿ ಹಕ್ಕಿಗಳು. ಎಲ್ಲಿಂದಲೋ ಬಂದು ಗೂಡು ಕಟ್ಟಿ, ಹೊತ್ತು ಬಂದಾಗ ಮತ್ತೆ ಹೊರಡುವಂಥವು. ನನಗೆ ನೋಡಲು ಮನಸ್ಸಾಗಲಿಲ್ಲ.

ಸಂಜೆ ಮರಳಿದಾಗ ಓನರಮ್ಮ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಅವರು ನಮ್ಮ ಕಡೆ ಕಾಲಿಟ್ಟದ್ದು ಅದೇ ಮೊದಲು.

"ನಿನ್ನ ತಂಗಿ ಮಾಡಿದ್ಲು. ಊಟ ಆತಾ ಅಂದೆ. ಆಯ್ತು ಅಂದ್ಲು. ಏನು ಉಂಡೆ ಅಂದೆ. ಸುಮ್ಮನಾದ್ಲು. ಏನು ಉಂಡೆ ಅಂತ ಹೇಳಾಕೆ ಬರದೋಳು ಉಂಡಿರಂಗಿಲ್ಲ ಕಣೇ ಅಂದೆ. ಅತ್ತುಬಿಟ್ಲು."

ಉಳಿದದ್ದನ್ನು ಅವರು ಸಂತೆಯ ಸುದ್ದಿ ಹೇಳಿದಂತೆ ಹೇಳಿದರು. ಆಸ್ಪತ್ರೆಯೂ ಇಲ್ಲ, ನಮ್ಮನ್ನು ಹೆದರಿಸಬಾರದೆಂದು ಬರೆದಿದ್ದ ಹಾಸ್ಟೆಲೂ ಇಲ್ಲ. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯ ಚಾಕರಿ. ಎಲ್ಲರದ್ದೂ ಆದಮೇಲೆ ಉಳಿದರೆ ಒಂದು ಹೊತ್ತು ಊಟ. ಪಾಸ್‌ಪೋರ್ಟು ಯಜಮಾನನ ಬೀರುವಿನಲ್ಲಿ. ಮುಂದಿನ ತಿಂಗಳು ಆ ಮನೆಯವರೆಲ್ಲ ಮರಳುಗಾಡಿನ ಒಳಗಿನ ಊರಿಗೆ ಹೋಗುತ್ತಾರೆ, ಇವಳನ್ನೂ ಕರೆದುಕೊಂಡು. ಅಲ್ಲಿ ಫೋನೇ ಇಲ್ಲ.

"ಮದ್ಲ ಸಲ ಮೀನು ಅಂದೋಳು ಆಮ್ಯಾಲೆ ಏನೂ ಅನ್ನಲಿಲ್ಲ. ನಿನಗೆ ಗೊತ್ತಾಗಲಿಲ್ಲೇನು?"

ನಾನು ಜೀವನದಲ್ಲಿ ದನಿ ಏರಿಸಿದ್ದು ಕಡಿಮೆ. ಅವತ್ತು ಏರಿಸಿದೆ. ಆ ದಿನ ನೀವು ಫೋನ್ ಕಡಿಯದಿದ್ದರೆ ಅವತ್ತೇ ಹೇಳುತ್ತಿದ್ದಳು ಎಂದೆ.   ಅವರು ಎದ್ದು ಸೀರೆ ಕೊಡವಿಕೊಂಡರು.

"ಆ ದಲ್ಲಾಳಿ ನಂಬರ್ ತಗೊಂಡು ಬೆಳಿಗ್ಗೆ ಬಾ."

ಬೆಳಿಗ್ಗೆ ಹೋದರೆ ಪೂಜೆ ಮುಗಿಸಿ ಕೂತಿದ್ದರು. ಈಗ ಬ್ಯಾಡ, ಅವನ ಅಂಗಡಿಗೆ ಗಿರಾಕಿ ಬಂದಿರಂಗಿಲ್ಲ ಎಂದರು. ಅಕ್ಕಿ ಮಂಡಿಯ ದಲ್ಲಾಳಿಗಳೊಂದಿಗೆ ಗಂಡನ ಕಾಲದಿಂದ ಏಗಿದವರು. ದಲ್ಲಾಳಿಯನ್ನು ಒಂಟಿಯಾಗಿ ಹಿಡಿದರೆ ನಯವಾಗಿ ಜಾರುತ್ತಾನೆ, ನಾಲ್ಕು ಜನರ ಮುಂದೆ ಹಿಡಿಯಬೇಕು ಎಂಬುದು ಅವರ ಲೆಕ್ಕ. ಹೊತ್ತು ಏರಿದಮೇಲೆ ಬಗ್ಗಿ ಬೀಗ ತೆಗೆದರು. ನಾನು ಬಾಗಿಲ ಬಳಿಯ ನನ್ನ ಜಾಗದಲ್ಲೇ ಕೂತೆ.

"ಶಿಕಾರಿಪುರದಿಂದ ಮಾತಾಡ್ತೀನಿ. ಆ ಕಡೆಗೆ ಹೋಗೋ ಹುಡುಗೀರು ಕೂತಾರೇನಪ್ಪ ನಿನ್ನ ಮುಂದೆ? ಒಬ್ಬಾಕಿ ಕೈಗೆ ಫೋನ್ ಕೊಡು."

ಅವನು ಏನೋ ಒಳ್ಳೆಯ ಸಮಾಚಾರವೆಂದುಕೊಂಡು ಕೊಟ್ಟೇಬಿಟ್ಟ.

"ಯಾವೂರವ್ವ ನಿಂದು? ಊಟ ಆತಾ? ಏನು ಉಂಡೆ? ಚೆನ್ನಾಗಿ ಉಂಡು ಹೋಗು. ಅಲ್ಲಿಗೆ ಹೋದಮ್ಯಾಲೆ ಇವನು ಊಟ ಹಾಕಿಸಂಗಿಲ್ಲ. ನಮ್ಮ ಹುಡುಗಿಗೆ ಹಾಕಿಸಿಲ್ಲ."

ಮಾರನೆಯ ದಿನ ಅವನು ಯಾರ ಕೈಗೂ ಕೊಡಲಿಲ್ಲ. ಓನರಮ್ಮ ಫೋನೆತ್ತಿದ ಅವನ ಗುಮಾಸ್ತನಿಗೆ ಹೇಳಿದರು. ಗುಮಾಸ್ತ ಇಟ್ಟರೆ ಮತ್ತೆ ಮಾಡಿದರು. ಎತ್ತಿದವರು ಯಾರಾದರೂ ಸರಿ, ಊಟದಿಂದ ಶುರುಮಾಡಿ ಅದನ್ನೇ ಹೇಳಿದರು. ದಿನಾ ಅದೇ ಹೊತ್ತಿಗೆ. ಏಜೆಂಟನ ನಯ ಹೋಯಿತು. ಪೊಲೀಸರಿಗೆ ಹೇಳುತ್ತೇನೆ ಎಂದನಂತೆ. "ಹೇಳು. ಅವರ ಕೈಗೂ ಫೋನ್ ಕೊಡು" ಎಂದರು. ಅವರು ಬೈಯುವಾಗ ನಾನು ಕೆಳಗೆ ನೋಡುತ್ತಿದ್ದೆ. ಅಂಥ ಮಾತುಗಳನ್ನು ಕೇಳಿದರೆ ನಮ್ಮ ಸಿಸ್ಟರುಗಳು ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು. ಆದರೂ ಒಂದು ದಿನವೂ ಎದ್ದು ಆಚೆ ಹೋಗಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ತಂಗಿ ಮಂಗಳೂರಿಗೆ ಬಂದಿಳಿದಳು. ಆ ಮನೆಯವರು ಊರು ಬಿಡುವ ಮುನ್ನ ಏಜೆಂಟನೇ ತನ್ನ ಕಡೆಯವರಿಂದ ಪಾಸ್‌ಪೋರ್ಟು ಬಿಡಿಸಿ ಅವಳನ್ನು ಕಳಿಸಿದ್ದ.

ಸ್ವಲ್ಪ ಚೇತರಿಸಿಕೊಂಡು, ಓನರಮ್ಮನನ್ನು ನೋಡಲೇಬೇಕೆಂದು ಅವಳು ಶಿಕಾರಿಪುರಕ್ಕೆ ಬಂದಳು. ಕೊರಳೆಲುಬು ಎದ್ದಿತ್ತು. ಕಾಲು ಮುಟ್ಟಲು ಬಗ್ಗಿದರೆ ಓನರಮ್ಮ ಹಿಂದಕ್ಕೆ ಸರಿದರು.

"ಊಟ ಆತಾ?"

"ಆಯ್ತಮ್ಮಾ. ಶಿವಮೊಗ್ಗದಲ್ಲಿ ಇಡ್ಲಿ, ವಡೆ. ಆಮೇಲೆ ಮೊಸರನ್ನ. ಬಸ್ಸಿನಲ್ಲಿ ಕಡ್ಲೆಕಾಯಿ."

ಅವರು ಹೂಂ ಎಂದು ತಲೆ ಆಡಿಸಿದರು. ಆಮೇಲೆ ಅವರ ಮೂಗು ಅರಳಿತು. ನನಗೆಂದು ಊರಿನಿಂದ ನಮ್ಮ ಅಮ್ಮ ಒಣಮೀನನ್ನು ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿ, ತಂಗಿಯ ಚೀಲದ ತಳದಲ್ಲಿಟ್ಟು ಕಳಿಸಿದ್ದರು. ಸೊಸೆ ಬೇಡವೆಂದು ಅತ್ತೆಯನ್ನು ಕಣ್ಣಲ್ಲೇ ಬೇಡಿದಳು. ಓನರಮ್ಮ ನನ್ನತ್ತ ತಿರುಗಿದರು.

"ಸಾಮಾನು ಕಟ್ಟು."

ಮಗ ಹೇಳಿ ನೋಡಿದ, ನನ್ನವರು ಕ್ಷಮೆ ಕೇಳಿದರು. ಅವರು ಮಾತು ಬದಲಿಸಲಿಲ್ಲ. ನಾನು ಹೊರಡುವಾಗ, ನೀವು ತಂಗಿಗೆ ಮಾಡಿದ ಉಪಕಾರ ಎಂದು ಶುರುಮಾಡಿದೆ. "ನಿನಗೆ ಮಾಡಿದ್ದಲ್ಲ" ಎಂದು ಬಾಗಿಲು ಹಾಕಿಕೊಂಡರು.

ನನ್ನವರು ಸೊರಬದ ಕಚೇರಿಗೆ ಬದಲಿ ಮಾಡಿಸಿಕೊಂಡರು. ಅಲ್ಲಿ ಮನೆ ರಸ್ತೆಗೇ ಇತ್ತು. ತಂತಿಗೆ ಯಾರ ತಲೆಯನ್ನೂ ದಾಟಬೇಕಿರಲಿಲ್ಲ. ನಮ್ಮದೇ ಫೋನು ಬಂತು. ಬೀಗವಿಲ್ಲದ್ದು. ಮೊದಲ ಫೋನು ಯಾರಿಗೆ ಎಂದು ನನ್ನವರು ಕೇಳುತ್ತಿದ್ದಂತೆಯೇ ನನ್ನ ಬೆರಳು ಆ ನಂಬರನ್ನು ತಿರುಗಿಸಿಯಾಗಿತ್ತು.

"ಸೊರಬದಲ್ಲಿ ಫೋನ್ ಬಂತಮ್ಮಾ" ಎಂದೆ.

"ಬಂದ್ರೆ ನಾನೇನು ಮಾಡ್ಲಿ?" ಎಂದು ಇಟ್ಟುಬಿಟ್ಟರು. ಅಂದು ಮಾತ್ರ ಊಟ ಆತಾ ಎನ್ನಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಸೊಸೆ ಫೋನ್ ಮಾಡಿ, ಅತ್ತೆ ಹೋದ್ರು ಎಂದಳು. ಮೊದಲ ಬಸ್ಸಿಗೆ ಹೋದೆ. ಗಂಡನ ಪಕ್ಕದಲ್ಲೇ ಗುಣಿ ತೋಡಿದ್ದರು. ಕೂರಿಸಿದ ಅವರ ಎದೆಯ ಮೇಲಿದ್ದ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟಿದ್ದರು. ಇನ್ನೊಂದು ದಾರ ಕಾಣಲಿಲ್ಲ. ಮಣ್ಣು ಹಾಕುವಾಗ ನಾನು ಮೇಲೆ ನೋಡಿದೆ. ನಾವಿದ್ದ ಭಾಗದಲ್ಲಿ ಹೊಸ ಬಾಡಿಗೆಯವರಿದ್ದರು, ಅವರ ಮನೆಗೆ ಫೋನಿತ್ತು. ತಂತಿ ಹೊಸ ಕಂಬ ಹಿಡಿದು ಹಿತ್ತಲನ್ನು ಸುತ್ತು ಹಾಕಿಕೊಂಡು ಬಂದಿತ್ತು. ಗದ್ದುಗೆಯ ಮೇಲಿನ ಆಕಾಶದಲ್ಲಿ ಒಂದು ಗೆರೆಯೂ ಇರಲಿಲ್ಲ. ನನಗೆ ಹಳೆಯ ಸಿಟ್ಟು ಬಂತು. ಅದರ ಜೊತೆಗೆ, ಸದ್ಯ ಅಲ್ಲಿ ತಂತಿ ಇಲ್ಲವಲ್ಲ ಎಂದೂ ಅನ್ನಿಸಿತು.

ಸಂಜೆ ಸೊರಬದ ಮನೆಗೆ ಬಂದು ಕೂತೆ. ಫೋನು ಹೊಡೆದುಕೊಂಡಿತು. ಈಗ ಕೆಲಸಕ್ಕಿದ್ದ ಮಂಗಳೂರಿನ ನರ್ಸಿಂಗ್ ಹೋಮಿನಿಂದ ತಂಗಿ. ವಿಷಯ ಹೇಳಿದೆ.  ಅವಳ ಹಿಂದೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದ ಸದ್ದು ಕೇಳಿಸಿತು.

"ಅಕ್ಕಾ, ಊಟ ಆಯ್ತಾ?"

"ಆಯ್ತು" ಎಂದೆ.

"ಏನು ಉಂಡೆ?"

ನನಗೆ ಹೇಳಲು ಬರಲಿಲ್ಲ.